ನಾರ್ವೆ ಸುತ್ತಿನ ದೊಡ್ಡ ಮರಗಳು: ನೋಡಲು ಹೊರಟವರಿಗೆ ಕೆಲವು ಪಾಠ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಬರುವವರು ದೇವಸ್ಥಾನ ನೋಡುತ್ತಾರೆ, ಜಲಪಾತ ನೋಡುತ್ತಾರೆ, ಹೋಂಸ್ಟೇಯಲ್ಲಿ ಕಡುಬು ತಿಂದು ಹೊರಡುತ್ತಾರೆ. ಮರ ನೋಡಲೆಂದೇ ಬರುವವರು ಅಪರೂಪ. ಅಂಥವರನ್ನು ಇಲ್ಲಿನ ನಾರ್ವೆ ಎಂಬ ಊರಿನ ಸುತ್ತಮುತ್ತ, ಕಾಲ ಕೂಡಿಬಂದರೆ ಮೂರೂ ತಾಲ್ಲೂಕಿನಲ್ಲಿ, ನಡೆಸಿಕೊಂಡು ಹೋಗುವ ಗೀಳು ನನಗೆ ಅಂಟಿ ಬಹಳ ಕಾಲವಾಯಿತು. ಸಿಂಗಪುರವೆಂಬ ಪುಟ್ಟ ದ್ವೀಪದಲ್ಲಿ 2001ರಿಂದ ಪಾರಂಪರಿಕ ಮರಗಳ ಯೋಜನೆಯೇ ಇದೆ. ಮರದ ಬುಡದಲ್ಲಿ ಫಲಕವಿರುತ್ತದೆ, ಪಟ್ಟಿ ಹಿಡಿದು ಒಂದೊಂದನ್ನೇ ನೋಡುತ್ತ ದ್ವೀಪ ಸುತ್ತಬಹುದು. ಅವರ ಐದು ಡಾಲರ್ ನೋಟಿನ ಮೇಲೂ ಅಲ್ಲಿನ ಸಸ್ಯೋದ್ಯಾನದ ಒಂದು ಟೆಂಬುಸು ಮರವಿದೆ. ನಮ್ಮಲ್ಲಿ ಫಲಕವಿಲ್ಲ, ಪಟ್ಟಿಯಿಲ್ಲ. ಯಾವ ಮರ ಎಲ್ಲಿದೆ ಎಂಬುದು ಆಯಾ ಊರಿನವರ ಬಾಯಲ್ಲಿದೆ. ಹಾಗಾಗಿ ಇಲ್ಲಿ ಮರ ನೋಡುವ ಕ್ರಮವೂ ಬೇರೆ.

1. ಎಷ್ಟು ದೊಡ್ಡದು ಎನ್ನುವ ಮೊದಲು, ಯಾಕೆ ಉಳಿಯಿತು ಎಂದು ಕೇಳಿ

ಈ ಸೀಮೆಯಲ್ಲಿ ಗರಗಸದ ಸದ್ದು ಕೇಳದ ಮೂಲೆ ಕಡಿಮೆ. ರೈಲಿನ ಸ್ಲೀಪರಿಗೆ ಗಟ್ಟಿ ಜಾತಿಗಳು ಹೋದವು, ಪ್ಲೈವುಡ್ಡಿಗೆ ಧೂಪ ಹೋಯಿತು, ಬೆಂಕಿಪೆಟ್ಟಿಗೆಗೆ ಬೂರುಗ ಹೋಯಿತು. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದರ ಕುಲುಮೆ ಉರಿದದ್ದು ಕಲ್ಲಿದ್ದಲಿನಿಂದಲ್ಲ, ಸುತ್ತಲಿನ ಕಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಿಂದ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಆ ಕಾಲದಲ್ಲಿ ಕಿರಿದಾದ ಹಳಿಯ ಪುಟ್ಟ ರೈಲು ಓಡುತ್ತಿತ್ತೆಂದರೆ ಈಗಿನ ಹುಡುಗರು ನಂಬುವುದಿಲ್ಲ. ಇಷ್ಟೆಲ್ಲ ಆದಮೇಲೂ ನಾಲ್ಕು ಜನ ಕೈ ಕೈ ಹಿಡಿದು ನಿಂತರೂ ಬಳಸಲಾಗದ ಮರವೊಂದು ನಿಂತಿದೆ ಎಂದರೆ ಅದಕ್ಕೆ ಕಾರಣ ಇದ್ದೇ ಇರುತ್ತದೆ. ಮರದ ಕತೆ ಎಂದರೆ ಆ ಕಾರಣದ ಕತೆ.

ಹೆಚ್ಚಿನ ಕಡೆ ಕಾರಣ ದೇವರು. ಚೌಡಿ, ಪಂಜುರ್ಲಿ, ನಾಗ, ಇಲ್ಲವೇ ಹೆಸರಿಲ್ಲದ ಒಂದು ಭೂತ. ಬುಡದಲ್ಲಿ ಎರಡು ಕಲ್ಲು, ವರ್ಷಕ್ಕೊಮ್ಮೆ ಒಂದು ಕೋಳಿ ಅಥವಾ ತೆಂಗಿನಕಾಯಿ. ಅಷ್ಟರ ಮೇಲೆ ಇಡೀ ಬನ ನಿಂತಿರುತ್ತದೆ. ಸುತ್ತ ಅಡಿಕೆ ತೋಟ, ಕಾಫಿ, ನಡುವೆ ಅರ್ಧ ಎಕರೆಯ ಹಳೆಯ ಕಾಡು. ಈ ಬನಗಳೇ ನಮ್ಮ ದ್ವೀಪಗಳು. ದಾಟಿ ನೋಡಬೇಕಾದ ಸಮುದ್ರವಷ್ಟೇ ಬೇರೆ.

ಎರಡನೆಯ ಕಾರಣ ಮರದ ದೋಷ. ಇದನ್ನು ಒಂದು ಜಗಲಿಯಲ್ಲಿ ಕೂತು ಕೇಳಿಸಿಕೊಂಡದ್ದು ಹೀಗೆ.

“ಇದನ್ನ ಯಾಕೆ ಕಡಿಸ್ಲಿಲ್ಲ ಗೌಡ್ರೆ?”

“ಕಡಿಯೋಕೆ ಬಂದಿದ್ದ ಮಾರಾಯ್ರೆ. ಕೊಡಲಿ ತಿರುಗಿಸಿ ಹಿಂಬದಿಯಿಂದ ಬಡಿದು ನೋಡ್ದ. ಡಬ್ ಡಬ್ ಅಂತು. ಹೊಟ್ಟೆ ಖಾಲಿ ಅಂತ ಬಿಟ್ಟು ಹೋದ.”

ಒಳಗೆ ಪೊಳ್ಳಾದ ಮರ ನಾಟಾ ವ್ಯಾಪಾರಿಗೆ ಬೇಡ. ತಿರುಚಿ ಬೆಳೆದದ್ದೂ, ಬುಡದಲ್ಲೇ ಕವಲೊಡೆದದ್ದೂ ಬೇಡ. ನೇರವಾಗಿ, ನಯವಾಗಿ ಬೆಳೆದವೆಲ್ಲ ಲಾರಿ ಹತ್ತಿದವು. ಈಗ ನಾವು ತಲೆಯೆತ್ತಿ ನೋಡಿ ಬೆರಗಾಗುವ ಮರಗಳಲ್ಲಿ ಎಷ್ಟೋ ಅಂದು ಬೇಡವಾದವು. ಆ ಪೊಳ್ಳಿನ ಪೊಟರೆಯೇ ಮಂಗಟ್ಟೆ ಹಕ್ಕಿಗೆ ಬೇಕಾದದ್ದು. ಹೆಣ್ಣು ಪೊಟರೆಯೊಳಗೆ ಕೂತು ಬಾಯಿಗೆ ಗೋಡೆ ಕಟ್ಟಿಕೊಳ್ಳುತ್ತದೆ, ಗಂಡು ವಾರಗಟ್ಟಲೆ ಹೊರಗಿನಿಂದ ಸೀಳಿನಲ್ಲಿ ಹಣ್ಣು ಕೊಡುತ್ತದೆ. ಸಣ್ಣ ಮರದಲ್ಲಿ ಆ ಗಾತ್ರದ ಪೊಟರೆ ಆಗುವುದಿಲ್ಲ.

ಮೂರನೆಯದು ಗಡಿ. ಎರಡು ಮನೆಗಳ ಜಮೀನಿನ ನಡುವೆ ಅಗಳಿನ ದಂಡೆಯಲ್ಲಿ ನಿಂತ ಮರ ಇಬ್ಬರದ್ದೂ ಹೌದು, ಯಾರದ್ದೂ ಅಲ್ಲ. ದಾಯಾದಿ ವ್ಯಾಜ್ಯವಿದ್ದರಂತೂ ಕೇಳುವುದೇ ಬೇಡ. ಮರದ ಆಯುಸ್ಸಿಗೆ ಕೋರ್ಟಿನ ವಾಯಿದೆಯಷ್ಟು ಒಳ್ಳೆಯ ಗೊಬ್ಬರ ಇನ್ನೊಂದಿಲ್ಲ. ಇದು ತಮಾಷೆಗೆ ಹೇಳಿದ ಮಾತಲ್ಲ. ಕಂದಾಯ ಇಲಾಖೆಯದೋ ಅರಣ್ಯ ಇಲಾಖೆಯದೋ ಎಂದು ತೀರ್ಮಾನವಾಗದ ಜಾಗಗಳಲ್ಲಿ ನಾನು ಕಂಡಷ್ಟು ಒಳ್ಳೆಯ ಹೆಬ್ಬಲಸು ಬೇರೆಲ್ಲೂ ಕಂಡಿಲ್ಲ.

2. ದಾರಿಯನ್ನು ಮೊಬೈಲಿಗೆ ಕೇಳಬೇಡಿ, ಜಗಲಿಗೆ ಕೇಳಿ

ಇಲ್ಲಿ ಮನೆಗಳು ಒಂದಕ್ಕೊಂದು ದೂರ. ಕಣಿವೆಯಲ್ಲಿ ತೋಟ, ಅದರ ಮೇಲೆ ಮನೆ, ಮನೆಯ ಹಿಂದೆ ಸೊಪ್ಪಿನಬೆಟ್ಟ. ನಕ್ಷೆಯಲ್ಲಿ ಕಾಲುದಾರಿ ಎಂದು ಕಾಣುವುದು ಯಾರದೋ ಅಂಗಳದ ಮೂಲಕವೇ ಹಾದುಹೋಗುತ್ತದೆ. ಮೊದಲು ನಾಯಿ ಬೊಗಳುತ್ತದೆ, ಆಮೇಲೆ ಮನುಷ್ಯರು ಬರುತ್ತಾರೆ. ನಿಂತು, ಯಾವ ಊರು, ಯಾರ ಪೈಕಿ ಎಂದು ಹೇಳಿ, ಬಂದ ಕೆಲಸ ಹೇಳಿ. “ಮರ ನೋಡೋಕೆ” ಎಂದಾಗ ಮೊದಲು ಅನುಮಾನ ಬರುವುದು ಸಹಜ. ಮರ ನೋಡಲು ಬರುವವರು ಈವರೆಗೆ ವ್ಯಾಪಾರಿಗಳೇ ಆಗಿದ್ದರು. ಕೊಟ್ಟ ನೀರು ಬೆಲ್ಲ ಕುಡಿದು, ಕವಳದ ತಟ್ಟೆ ಬಂದರೆ ಕನಿಷ್ಠ ಮುಟ್ಟಿ, ಹತ್ತು ನಿಮಿಷ ಅಡಿಕೆ ಧಾರಣೆ, ಎಲೆಚುಕ್ಕಿ ರೋಗದ ಮಾತಾಡಿದರೆ ಆಮೇಲೆ ಹಿರಿಯರೇ ಎದ್ದು ಕತ್ತಿ ಹಿಡಿದು ದಾರಿ ತೋರಿಸುತ್ತಾರೆ. ಶೃಂಗೇರಿ, ಕೊಪ್ಪದ ತೋಟಗಳಲ್ಲಿ ಹಳದಿ ಎಲೆ ರೋಗ ದಶಕಗಳಿಂದ ಇದೆ. ಅದರ ಬೆನ್ನಿಗೆ ಎಲೆಚುಕ್ಕಿ. ಆದಾಯ ಬಿದ್ದ ಮನೆಯಲ್ಲಿ ದೊಡ್ಡ ಮರ ಬ್ಯಾಂಕಿನ ಠೇವಣಿಯೂ ಹೌದು. ಅದನ್ನು ಮರೆತು ಮರ ಉಳಿಸುವ ಉಪದೇಶ ಮಾಡಬೇಡಿ.

ಉಣುಗೋಲು ಸರಿಸಿದರೆ ಮತ್ತೆ ಹಾಕಿ. ಬನದ ಒಳಗೆ ಚಪ್ಪಲಿ ಬೇಡ ಎಂದರೆ ಬೇಡ.

3. ಪಡುವಣದಿಂದ ಮೂಡಣಕ್ಕೆ ನಡೆಯಿರಿ

ಮೂರು ತಾಲ್ಲೂಕುಗಳನ್ನು ಒಂದೇ ಹಸಿರು ಎಂದುಕೊಳ್ಳುವವರು ಬಹಳ. ಕಿಗ್ಗದಿಂದ ನರಸಿಂಹ ಪರ್ವತದ ಕಡೆ ಹತ್ತಿದರೆ ಕಾಣುವುದು ನಿತ್ಯಹರಿದ್ವರ್ಣ. ಕೋಲುಕೋಲಾಗಿ ಬೇರೂರಿ ನಿಂತ ಬಲಿಗೆ, ಕೆಂಪು ಚಿಗುರಿನ ಧೂಪ, ನಾಗಸಂಪಿಗೆ, ಸುರಗಿ. ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಸೀಮೆ ಅದು. ಕೊಪ್ಪದ ನಡುವಣ ಗುಡ್ಡಗಳಿಗೆ ಬಂದರೆ ಹೆಬ್ಬಲಸು, ಗುಳಮಾವು, ನಂದಿ, ಬಗನಿ ಸೇರಿಕೊಳ್ಳುತ್ತವೆ. ಇನ್ನೂ ಮೂಡಣಕ್ಕೆ ನರಸಿಂಹರಾಜಪುರ ದಾಟಿದರೆ ಬೇಸಿಗೆಯಲ್ಲಿ ಎಲೆಯುದುರಿಸುವ ಕಾಡು: ಮತ್ತಿ, ಹೊನ್ನೆ, ಬೀಟೆ, ತೇಗ, ಮುತ್ತುಗ. ಶೃಂಗೇರಿಯಲ್ಲಿ ಸುರಿಯುವ ಮಳೆಯ ಅರ್ಧದ ಆಸುಪಾಸು ಇಲ್ಲಿ ಬಿದ್ದರೆ ಹೆಚ್ಚು. ಬಸ್ಸಿನಲ್ಲಿ ಎರಡು ಗಂಟೆಯ ಹಾದಿಯಲ್ಲಿ ಕಾಡು ಹೀಗೆ ಬದಲಾಗುವುದನ್ನು ಕಾಣುವ ಅವಕಾಶ ಎಲ್ಲೆಡೆ ಸಿಗುವುದಿಲ್ಲ. ಮಳೆ ಕಡಿಮೆಯಾಗುವ ದಿಕ್ಕಿಗೆ ನಡೆದರೆ ಈ ಬದಲಾವಣೆ ಮರದಿಂದ ಮರಕ್ಕೆ ಗೊತ್ತಾಗುತ್ತದೆ. ತಿರುಗಿಸಿ ನಡೆದರೆ ದಟ್ಟ ಕಾಡಿನ ಬೆರಗಿನಲ್ಲಿ ಮೊದಲು ಕಂಡದ್ದೆಲ್ಲ ಮರೆತುಹೋಗುತ್ತದೆ.

4. ಟೇಪು ತನ್ನಿ, ಆದರೆ ಎಲ್ಲಿ ಸುತ್ತಬೇಕೆಂದು ತಿಳಿದಿರಲಿ

ಅರಣ್ಯದವರು ಸುತ್ತಳತೆ ತೆಗೆಯುವುದು ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ. ಇಳಿಜಾರಿನಲ್ಲಿ ಮೇಲ್ಬದಿಯಿಂದ ಎಣಿಸಬೇಕು. ಜೇನುಮರ, ಬೂರುಗದಂಥವಕ್ಕೆ ಬುಡದಲ್ಲಿ ಹಲಗೆಯಂಥ ಬೇರುಗಳು ಆಳೆತ್ತರಕ್ಕೆ ಚಾಚಿರುತ್ತವೆ. ಅದರ ಸುತ್ತ ಟೇಪು ಎಳೆದು ದಾಖಲೆ ಎಂದು ಹೊಗಳಿಕೊಳ್ಳುವುದು ಮೋಸ. ಬೇರಿನ ಹಲಗೆ ಮುಗಿದ ಮೇಲೆ ಅಳೆಯಬೇಕು, ಕೈಗೆ ಸಿಗದಿದ್ದರೆ ಸಿಗಲಿಲ್ಲ ಎಂದು ಬರೆದರಾಯಿತು.

ಎತ್ತರಕ್ಕೆ ಉಪಕರಣ ಬೇಡ. ನಿಮ್ಮ ತೋಳಿನಷ್ಟೇ ಉದ್ದದ ಕೋಲನ್ನು ಕೈ ನೇರ ಚಾಚಿ ಲಂಬವಾಗಿ ಹಿಡಿಯಿರಿ. ಕೋಲಿನ ಬುಡ ಮರದ ಬುಡಕ್ಕೂ ತುದಿ ಮರದ ತುದಿಗೂ ಸರಿಹೊಂದುವವರೆಗೆ ಹಿಂದೆ ಸರಿಯಿರಿ. ಈಗ ನೀವು ನಿಂತ ಜಾಗದಿಂದ ಮರಕ್ಕೆ ಎಷ್ಟು ದೂರವೋ ಮರ ಅಷ್ಟೇ ಎತ್ತರ. ಗದ್ದೆಯ ಅಂಚಿನ ಮರಕ್ಕೆ ಇದು ಚೆನ್ನಾಗಿ ಒದಗುತ್ತದೆ. ಕಾನಿನ ಒಳಗೆ ತುದಿಯೇ ಕಾಣದು, ಹಿಂದೆ ಸರಿದರೆ ಹಳ್ಳಕ್ಕೆ ಬೀಳುತ್ತೀರಿ.

5. ವಯಸ್ಸು ಹೇಳುವವರನ್ನು ನಂಬಬೇಡಿ

“ಐನೂರು ವರ್ಷದ್ದು” ಎಂಬ ಮಾತು ಪ್ರತಿ ದೊಡ್ಡ ಮರದ ಕೆಳಗೂ ಕೇಳಿಸುತ್ತದೆ. ವರ್ಷವಿಡೀ ತೇವವಿರುವ ಕಾಡಿನ ಎಷ್ಟೋ ಮರಗಳಲ್ಲಿ ವರ್ಷಕ್ಕೊಂದರಂತೆ ಸ್ಪಷ್ಟ ಉಂಗುರ ಮೂಡುವುದಿಲ್ಲ. ಬೇಸಿಗೆಯಲ್ಲಿ ಬೆಳವಣಿಗೆ ನಿಲ್ಲಿಸುವ ತೇಗದಲ್ಲಿ ಮೂಡುತ್ತದೆ. ಭದ್ರಾ ಅಭಯಾರಣ್ಯದ ಮುತ್ತೋಡಿ ಭಾಗದಲ್ಲಿ ಜಾಗರದ ದೈತ್ಯ ಎಂದು ಹೆಸರಾದ ತೇಗವಿದೆ. ಸುತ್ತಳತೆ 5 ಮೀಟರ್ ಮೀರಿದ್ದು, ಮುನ್ನೂರು ವರ್ಷ ಇರಬಹುದೆಂದು ಅಂದಾಜು. ಅಲ್ಲಿ ಕೂಡ ಅದು ಅಂದಾಜೇ. ದಪ್ಪದಿಂದ ವಯಸ್ಸು ಎಣಿಸಲು ಹೋದರೆ ಬೂರುಗ ನಿಮ್ಮನ್ನು ಬೇಸ್ತು ಬೀಳಿಸುತ್ತದೆ. ಬೇಗ ಉಬ್ಬುವ ಮರ ಅದು. ಅದರ ಪಕ್ಕದಲ್ಲಿ ತೊಡೆದಪ್ಪದ ಬಲಿಗೆ ಅದಕ್ಕಿಂತ ಹಿರಿಯದಿರಬಹುದು.

ನಿಜವಾಗಿ ವಯಸ್ಸು ಗೊತ್ತಾಗುವುದು ಯಾರಾದರೂ ಬರೆದಿಟ್ಟಾಗ ಮಾತ್ರ. ಶ್ರೀಲಂಕಾದ ಅನುರಾಧಪುರದ ಬೋಧಿವೃಕ್ಷ ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ನೆಟ್ಟದ್ದೆಂದು ಅಲ್ಲಿನ ಪುರಾತನ ಗ್ರಂಥಗಳು ಹೇಳುವುದರಿಂದಲೇ ಅದು ಜಗತ್ತಿಗೆಲ್ಲ ಗೊತ್ತು. ನಮ್ಮಲ್ಲಿ ಅಷ್ಟು ಬರಹವಿಲ್ಲ, ಆದರೆ ಬೇರೆ ಗುರುತುಗಳಿವೆ. “ನಮ್ಮಜ್ಜನ ಮದುವೆ ಚಪ್ಪರಕ್ಕೆ ಇದೇ ಮರದ ಟೊಂಗೆ” ಎಂಬ ಮಾತನ್ನು ನಾನು ಐನೂರು ವರ್ಷಕ್ಕಿಂತ ಹೆಚ್ಚು ನಂಬುತ್ತೇನೆ.

6. ಯಾವ ತಿಂಗಳು ಎಂಬುದರ ಮೇಲೆ ಎಲ್ಲವೂ ನಿಂತಿದೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರಬೇಡಿ ಎನ್ನುವುದಿಲ್ಲ, ಬಂದರೆ ಏನಾಗುತ್ತದೆ ಎಂದು ತಿಳಿದು ಬನ್ನಿ. ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪಿನ ನೀರು, ಉಪ್ಪಿನ ಗಂಟು, ಯಾವುದಾದರೂ ನಡೆದೀತು. ಕಚ್ಚಿದ್ದನ್ನು ಕಿತ್ತೆಳೆಯದೆ ಉಪ್ಪು ತಾಗಿಸಿದರೆ ತಾನೇ ಬೀಳುತ್ತದೆ. ಹೆದರಬೇಕಾದದ್ದು ಗಾಳಿಗೆ. ಆಷಾಢದ ಗಾಳಿಯಲ್ಲಿ ಒಣಗಿದ ಟೊಂಗೆಯ ಕೆಳಗೆ ನಿಂತು ಫೋಟೋ ತೆಗೆಯುವುದು ಜಾಣತನವಲ್ಲ.

ಮಳೆ ಕಳೆದಮೇಲೆ ಹೊನ್ನೆ ಹಳದಿಯಾಗಿ ಅರಳುತ್ತದೆ. ಚಳಿ ಶುರುವಾಗುವ ಹೊತ್ತಿಗೆ ಕಿಂದಳದ ಕಾಯಿಗಳು ಇಡೀ ಗುಡ್ಡವನ್ನು ತಾಮ್ರದ ಬಣ್ಣಕ್ಕೆ ತಿರುಗಿಸಿರುತ್ತವೆ. ಹೂವೇನೋ ಎಂದುಕೊಳ್ಳುವವರೇ ಹೆಚ್ಚು. ಜನವರಿ, ಫೆಬ್ರವರಿಯಲ್ಲಿ ಎಲೆಯಿಲ್ಲದ ಬೂರುಗದ ತುಂಬ ಕೆಂಪು ಹೂ, ಅದರ ತುಂಬ ಹಕ್ಕಿ. ಮಾರ್ಚ್ ಹೊತ್ತಿಗೆ ಸುರಗಿ. ಅದನ್ನು ಕಣ್ಣಿನಿಂದ ಹುಡುಕಬೇಡಿ, ಬೆಳಗಿನ ಜಾವ ಮೂಗಿನಿಂದ ಹುಡುಕಿ.

ಆದರೆ ನಡೆಯಲು ಹಿತವಾದ ಈ ಒಣ ತಿಂಗಳುಗಳೇ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಈಚಿನ ವರ್ಷಗಳಲ್ಲಿ ನಮ್ಮ ಮೂರೂ ತಾಲ್ಲೂಕಿನಲ್ಲಿ ಕಾಣಿಸಿಕೊಂಡಿದೆ, ಜೀವವನ್ನೂ ತೆಗೆದಿದೆ. ಹರಡುವುದು ಉಣುಗು. ನವೆಂಬರ್ ಕೊನೆಯಿಂದ ಮೇ ತನಕ ದರಗಿನ ಮೇಲೆ ಕೂರುವ ಮೊದಲು ಯೋಚಿಸಿ. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ. ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ತೈಲ ಹಚ್ಚಿಕೊಳ್ಳಿ. ಮನೆಗೆ ಬಂದ ತಕ್ಷಣ ಬಿಸಿನೀರಿನಲ್ಲಿ ಮಿಂದು ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಕಾಡಿನಿಂದ ಬಂದ ಮೇಲೆ ಜ್ವರ ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದೆ ಎಂದು ಮೊದಲೇ ಹೇಳಿ.

ಇನ್ನೊಂದು, ಹೊಲಗೇರು. ಅದರ ಸೊನೆ ಮೈಗೆ ತಾಗಿದರೆ ಕಪ್ಪಾಗಿ, ಉರಿದು, ಗುಳ್ಳೆಯೇಳುತ್ತದೆ. ಕೆಲವರಿಗೆ ಕೆಳಗೆ ನಿಂತರೂ ಸಾಕು. ಗುರುತು ಸಿಗದ ಮರವನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಳ್ಳುವ ಹೊಸ ಚಾಳಿಯವರಿಗೆ ಈ ಮಾತು.

7. ಗೋಳಿಮರ ಹಣ್ಣಾದಾಗ ಅರ್ಧ ದಿನ ಅಲ್ಲೇ ಕೂತುಬಿಡಿ

ಅತ್ತಿ, ಗೋಳಿ, ಬಸರಿ ಜಾತಿಯ ಮರಗಳು ಎಲ್ಲವೂ ಒಂದೇ ಕಾಲಕ್ಕೆ ಹಣ್ಣು ಬಿಡುವುದಿಲ್ಲ. ಒಂದು ಇವತ್ತು, ಇನ್ನೊಂದು ಎರಡು ತಿಂಗಳು ಬಿಟ್ಟು. ಅವುಗಳ ಹೂವಿನೊಳಗೆ ಹೋಗಿ ಪರಾಗಸ್ಪರ್ಶ ಮಾಡುವ ಸಣ್ಣ ಕಣಜಗಳು ಅಲ್ಪಾಯುಷಿಗಳು. ಅವುಗಳ ಸಂತತಿ ನಡೆಯಬೇಕಾದರೆ ಸುತ್ತ ಎಲ್ಲೋ ಒಂದು ಮರ ಸದಾ ಕಾಯಿ ಹಿಡಿದಿರಬೇಕು. ಹಾಗಾಗಿ ಬೇರೆ ಯಾವ ಹಣ್ಣೂ ಇಲ್ಲದ ದಿನಗಳಲ್ಲಿ ಕಾಡಿಗೆ ಅನ್ನ ಹಾಕುವುದು ಇವೇ. ಮಂಗಟ್ಟೆ, ಕುಟ್ರು, ಹಸಿರು ಪಾರಿವಾಳ, ಕೆಂಜಳಿಲು, ಮುಸುವ, ರಾತ್ರಿಯಾದರೆ ಬಾವಲಿ. ಕೆಳಗೆ ಬಿದ್ದದ್ದಕ್ಕೆ ಕಾಡುಹಂದಿ, ಬರ್ಕ. ಹತ್ತು ಮರ ನೋಡಿ ಮುಗಿಸುವ ಆತುರದವರನ್ನು ನಾನು ಬೇಕೆಂದೇ ಇಲ್ಲಿ ಕೂರಿಸುತ್ತೇನೆ. ಎದ್ದು ಹೋಗೋಣ ಎನ್ನುವವರು ಒಂದು ಗಂಟೆ ಕಳೆದಮೇಲೆ ಸುಮ್ಮನಾಗುತ್ತಾರೆ.

ಗೋಳಿಯ ಹುಟ್ಟು ನೋಡುವಂಥದ್ದು. ಹಕ್ಕಿಯ ಹಿಕ್ಕೆಯಲ್ಲಿ ಬಂದ ಬೀಜ ಬಗನಿಯ ನೆತ್ತಿಯಲ್ಲೋ ಇನ್ನೊಂದು ಮರದ ಕವಲಿನಲ್ಲೋ ಮೊಳೆತು, ಬೇರನ್ನು ನೆಲಕ್ಕೆ ಇಳಿಬಿಟ್ಟು, ಆಸರೆ ಕೊಟ್ಟ ಮರವನ್ನು ಬಿಗಿಯುತ್ತ ಹೋಗುತ್ತದೆ. ಕೊನೆಗೆ ಒಳಗಿನ ಮರ ಕೊಳೆತು, ಹೊರಗಿನ ಬೇರಿನ ಜಾಲವೇ ಕಾಂಡವಾಗಿ ನಿಲ್ಲುತ್ತದೆ. ಒಳಗೆ ಮನುಷ್ಯ ನಿಲ್ಲುವಷ್ಟು ಜಾಗ. ಟಾರ್ಚು ಬಿಟ್ಟು ನೋಡದೆ ಒಳಗೆ ಹೋಗಬೇಡಿ.

8. ಹೆಜ್ಜೇನಿನ ಮರಕ್ಕೆ ದೂರದಿಂದಲೇ ನಮಸ್ಕಾರ

ಜೇನುಮರದ ಒಂದೇ ನೆತ್ತಿಯಲ್ಲಿ ಹತ್ತಾರು ಹೆಜ್ಜೇನು ಹುಟ್ಟಿ ತೂಗುವುದುಂಟು. ವಲಸೆ ಹೋದ ಹೆಜ್ಜೇನು ವರ್ಷ ವರ್ಷವೂ ಅದೇ ಮರಕ್ಕೆ ಮರಳುತ್ತದೆ. ಅತ್ತರು, ಹೊಗೆ, ಡ್ರೋನು ಮೂರೂ ನಿಷಿದ್ಧ. ಹಸಲರು, ಗೌಡಲು, ಮಲೆಕುಡಿಯರ ಹಿರಿಯರಲ್ಲಿ ಈ ಮರಗಳನ್ನು ಹತ್ತಿದವರು ಇನ್ನೂ ಇದ್ದಾರೆ. ಅವರೊಡನೆ ಮಾತಿಗೆ ಕೂರುವುದು ಮರದ ಕೆಳಗೆ ನಿಲ್ಲುವುದಕ್ಕಿಂತ ಲಾಭ.

9. ಹಿನ್ನೀರಿನ ಮರಗಳನ್ನು ಬೇಸಿಗೆಯಲ್ಲಿ ನೋಡಿ

ಮೊದಲು ಎಡೇಹಳ್ಳಿ ಎಂದಿದ್ದ ಊರು ಮೈಸೂರಿನ ಯುವರಾಜರ ಹೆಸರಿನಿಂದ ನರಸಿಂಹರಾಜಪುರವಾಯಿತು. 1960ರ ದಶಕದಲ್ಲಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಪೂರ್ಣಗೊಂಡು ನೀರು ಇಲ್ಲಿಯವರೆಗೆ ಹಿಂದೆ ಸರಿದು ಬಂದಾಗ ಗದ್ದೆ, ತೋಟ, ಕಾಡು ಮುಳುಗಿದವು. ಗುಡ್ಡದ ನೆತ್ತಿಗಳು ದ್ವೀಪಗಳಾದವು. ನಿಜವಾದ ದ್ವೀಪದ ಮರ ನೋಡಬೇಕೆಂದವರಿಗೆ ನಮ್ಮ ಸೀಮೆಯಲ್ಲಿ ಇರುವುದು ಇದೇ. ಏಪ್ರಿಲ್, ಮೇ ಹೊತ್ತಿಗೆ ನೀರು ಇಳಿದಾಗ ಮುಳುಗಿ ಸತ್ತ ಮರಗಳ ಬೊಡ್ಡೆಗಳು ಕೆಸರಿನಿಂದ ಎದ್ದು ಕಾಣುತ್ತವೆ. ನೀರಿನಡಿಯಲ್ಲಿ ಗಾಳಿ ಸಿಗದೆ ಕೊಳೆಯುವುದು ನಿಧಾನವಾದ್ದರಿಂದ ಗಟ್ಟಿ ಜಾತಿಯ ಬೊಡ್ಡೆಗಳು ಇಷ್ಟು ದಶಕ ಕಳೆದರೂ ನಿಂತಿವೆ. ಅವುಗಳ ಮೇಲೆ ನೀರುಕಾಗೆ ರೆಕ್ಕೆ ಬಿಡಿಸಿ ಕೂರುತ್ತದೆ. ಬೋಳು ದ್ವೀಪಗಳಲ್ಲಿ ರೀವ ಹಕ್ಕಿಗಳು ಸಾವಿರಗಟ್ಟಲೆ ಮೊಟ್ಟೆಯಿಡುತ್ತವೆ. ಆ ದಿನಗಳಲ್ಲಿ ದ್ವೀಪದ ಮೇಲೆ ಕಾಲಿಡಬಾರದು, ಮೊಟ್ಟೆ ಇರುವುದು ಬರಿ ನೆಲದ ಮೇಲೆ.

ಎದುರು ದಡ ಭದ್ರಾ ಅಭಯಾರಣ್ಯ, 1998ರಿಂದ ಹುಲಿ ಮೀಸಲು. ಅಲ್ಲಿ ಕಾಲ್ನಡಿಗೆಯ ಮಾತೇ ಇಲ್ಲ, ಇಲಾಖೆಯ ಜೀಪು, ದೋಣಿ ಮಾತ್ರ. ಈಚೆ ದಡದಲ್ಲೂ ಆನೆ ಓಡಾಡುತ್ತದೆ. ಬೆಳಿಗ್ಗೆ ಬೇಗ, ಸಂಜೆ ತಡವಾಗಿ ನಡೆಯಬೇಡಿ. ಹಿಂದಿನ ದಿನ ಆನೆ ಎಲ್ಲಿತ್ತೆಂದು ಕೇಳಿಯೇ ಹೊರಡಿ.

10. ಕೆಲವು ಮರಗಳ ವಿಳಾಸ ಹೇಳಬೇಡಿ

ಹಾಲ್ಮಡ್ಡಿಯ ಅಂಟು ಊದುಬತ್ತಿಗೆ ಬೇಕು. ಆಸೆಬಿದ್ದು ಸುತ್ತಲೂ ಕಚ್ಚು ಹಾಕಿದರೆ ಮರ ಸಾಯುತ್ತದೆ. ರಾಂಪತ್ರೆಗೆ ಬೆಲೆ ಏರಿದಾಗ ಕಾಯಿ ಹಣ್ಣಾಗುವ ತನಕ ಕಾಯದೆ ಟೊಂಗೆಯನ್ನೇ ಕಡಿದು ಕೆಡವುತ್ತಾರೆ. ಹಳ್ಳದ ದಂಡೆಯ ಅಪ್ಪೆಮಿಡಿಗೂ ಇದೇ ಗತಿ. ಜೀರಿಗೆ ಘಮದ ಮಿಡಿ ಬಿಡುವ ಮರ ಊರಿಗೊಂದೋ ಎರಡೋ ಇರುತ್ತದೆ, ಅದರ ಮಿಡಿಗೆ ನಾಲ್ಕು ಊರಿನ ಉಪ್ಪಿನಕಾಯಿ ಭರಣಿಗಳು ಕಾದಿರುತ್ತವೆ. ಬೀಟೆಯ ಮಾತು ಬೇಡವೇ ಬೇಡ. ಇಂಥವುಗಳ ಫೋಟೋವನ್ನು ಜಾಗದ ಗುರುತಿನೊಂದಿಗೆ ಹಂಚಿದರೆ ಮುಂದಿನ ಸಲ ಬೊಡ್ಡೆಯ ಫೋಟೋ ತೆಗೆಯಬೇಕಾದೀತು. ನಾನು ಕರೆದುಕೊಂಡು ಹೋಗುವವರಿಗೆ ಹೊರಡುವ ಮೊದಲೇ ಮೊಬೈಲಿನಲ್ಲಿ ಆ ಗುರುತು ಆರಿಸಿಡಲು ಹೇಳುತ್ತೇನೆ. ಅಪ್ಪೆಗಾದರೆ ಕಸಿ ಕಡ್ಡಿ ಕೇಳಿ ಪಡೆದು ಗಿಡ ಮಾಡಬಹುದು, ಎಷ್ಟೋ ಮನೆಯವರು ಸಂತೋಷದಿಂದ ಕೊಡುತ್ತಾರೆ.

11. ಹೆಸರಿಗೆ ಎರಡು ಕಾಲಮ್ಮು

ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಊರಿನವರು ಹೇಳಿದ ಹೆಸರು ಒಂದು ಕಡೆ, ಶಾಸ್ತ್ರದ ಹೆಸರು ಇನ್ನೊಂದು ಕಡೆ ಬರೆಯಿರಿ. ಎರಡನೆಯದನ್ನು ಮನೆಗೆ ಬಂದು ತುಂಬಿದರೂ ಆದೀತು. ಯೋಗನರಸಿಂಹನ್, ಸುಬ್ರಹ್ಮಣ್ಯಂ, ರಾಜಿ ಸೇರಿ ಮಾಡಿದ ಚಿಕ್ಕಮಗಳೂರು ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ 1981ರಲ್ಲೇ ಬಂದಿದೆ. ಗ್ರಂಥಾಲಯದಲ್ಲಿ ಸಿಕ್ಕರೆ ಬಿಡಬೇಡಿ. ಓದುವ ಸುಖಕ್ಕೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇದ್ದೇ ಇದೆ. ಕುವೆಂಪು 1904ರಲ್ಲಿ ಹುಟ್ಟಿದ್ದು ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಅವರ ಕಾದಂಬರಿ ಓದಿ ಬಂದವರಿಗೆ ಅರ್ಧ ಮರಗಳ ಹೆಸರು ಮೊದಲೇ ಗೊತ್ತಿರುತ್ತದೆ, ಮುಖ ಗೊತ್ತಿರುವುದಿಲ್ಲ. ಅವರನ್ನು ನಡೆಸುವುದು ಬಲು ಸುಲಭ.

12. ಸತ್ತ ಮರವನ್ನೂ ಪಟ್ಟಿಯಿಂದ ತೆಗೆಯಬೇಡಿ

ಒಣಗಿ ನಿಂತ ಮರದಲ್ಲಿ ಮರಕುಟಿಗ ಕೊರೆದ ತೂತಿಗೆ ಮುಂದಿನ ವರ್ಷ ಗಿಳಿ ಬರುತ್ತದೆ, ಆಮೇಲೆ ಗೂಬೆ. ತೊಗಟೆಯಡಿಯಲ್ಲಿ ಹುಳು, ಮಳೆಗಾಲದಲ್ಲಿ ಅಣಬೆ. ತೋಟದವರಿಗೆ ಮಾತ್ರ ಅದು ಸೌದೆ, ಇಲ್ಲವೇ ಯಾವಾಗ ಅಡಿಕೆ ಮರದ ಮೇಲೆ ಬಿದ್ದೀತೋ ಎಂಬ ಭಯ. ಅವರ ಭಯ ಸುಳ್ಳಲ್ಲ. ದಾರಿ, ಮನೆ, ತೋಟದ ಕಡೆ ವಾಲಿದ್ದಕ್ಕೆ ಅನುಮತಿ ಪಡೆದು ತೆಗೆಸುವುದೇ ಸರಿ. ಸೊಪ್ಪಿನಬೆಟ್ಟದ ಮೇಲ್ತುದಿಯಲ್ಲಿ, ಯಾರಿಗೂ ತೊಂದರೆ ಕೊಡದಂತೆ ನಿಂತದ್ದಾದರೆ ಬಿಡಿ ಎಂದು ನಾನು ಕೇಳುತ್ತೇನೆ. ಕೆಲವರು ಬಿಡುತ್ತಾರೆ. ಉಳಿದವರು, ಅಲ್ಲಿಂದ ಸೌದೆ ಹೊತ್ತು ತರುವ ಆಳಿನ ಕೂಲಿ ಲೆಕ್ಕ ಹಾಕಿ, ಹೇಗೂ ಗಿಟ್ಟುವುದಿಲ್ಲ ಎಂದು ಬಿಡುತ್ತಾರೆ.